ಸುಣ್ಣದ ಡಬ್ಬಿಯ ತೂತು

ಗೋಣಿಬೀಡಿನ ಯಾಕೂಬ್ ಯಾರನ್ನೂ ಪೂರ್ತಿ ನಂಬುವ ಆಸಾಮಿಯಲ್ಲ. ಸ್ಪ್ರೇಯರ್, ಪಂಪ್‌ಸೆಟ್ಟು ರಿಪೇರಿಯಲ್ಲಿ ಅವನಷ್ಟು ಕೈ ಪಳಗಿದವರು ಮೂಡಿಗೆರೆ ತಾಲ್ಲೂಕಿನಲ್ಲೇ ಇಲ್ಲ ಎಂದು ಎಸ್ಟೇಟಿನವರು ಹೇಳುತ್ತಿದ್ದರು. ಆದರೆ ಬಿಚ್ಚಿದ ಯಂತ್ರದ ಮುಂದೆ ಗಿರಾಕಿ ಬಂದು ನಿಂತರೆ ಅವನು ಕೆಲಸ ನಿಲ್ಲಿಸಿ, ಬೀಡಿ ಹಚ್ಚಿ, ಆಕಾಶ ನೋಡುತ್ತ ಕೂತುಬಿಡುತ್ತಿದ್ದ. ಗಿರಾಕಿ ಬೇಸತ್ತು ಟೀ ಅಂಗಡಿ ಕಡೆ ಹೋದ ಮೇಲೇ ಸ್ಪ್ಯಾನರ್ ಕೈಗೆ ಬರುತ್ತಿತ್ತು. "ಇವತ್ತು ನೋಡಿ ಕಲಿತವನು ನಾಳೆ ಎದುರಿಗೇ ಅಂಗಡಿ ಹಾಕ್ತಾನೆ" ಅನ್ನುತ್ತಿದ್ದ. ಹೆಂಡತಿ ಮರಿಯಂ ನಗುತ್ತಿದ್ದಳು. "ನಿಮ್ಮ ನೆರಳು ಹಿಂದೆ ಬಂದ್ರೂ ಯಾರಪ್ಪಾ ಅಂತ ತಿರುಗಿ ನೋಡೋ ಪೈಕಿ ನೀವು."

ಸಾವಿರದ ಒಂಬೈನೂರ ಎಂಬತ್ತಾರರ ಜನವರಿಯಲ್ಲಿ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿಗೆ, ಅಂದರೆ ಕಾಫಿಯ ಹೊಟ್ಟು ಬಿಡಿಸಿ ಮೂಟೆ ಕಟ್ಟುವ ಕಾರ್ಖಾನೆಗೆ, ಹೊರದೇಶದ ಯಂತ್ರವೊಂದು ಬಂತು. ಕಾಫಿ ಮೂಟೆಗಳ ಮೇಲೆ ಗುರುತು ಬರೆಯುವ ಯಂತ್ರ. ಅಲ್ಲಿಯವರೆಗೆ ಆ ಕೆಲಸ ದೇವೀರಮ್ಮನದಾಗಿತ್ತು. ತಗಡಿನ ಅಚ್ಚನ್ನು ಗೋಣಿಯ ಮೇಲಿಟ್ಟು ಬ್ರಷ್ಷಿನಿಂದ ಕಪ್ಪು ಬಳಿಯುತ್ತ ಹದಿನೆಂಟು ವರ್ಷ ಕಳೆದಿದ್ದಳು. ಹೊಸ ಯಂತ್ರ ಮೂಟೆಯನ್ನು ಮುಟ್ಟುತ್ತಲೇ ಇರಲಿಲ್ಲ. ಅದರ ಮೂತಿಯಲ್ಲಿ ಹೆಬ್ಬೆರಳುದ್ದಕ್ಕೆ ಒಂದರ ಕೆಳಗೊಂದು ಹದಿನಾರು ಸಣ್ಣ ತೂತು. ಮೂಟೆ ಬೆಲ್ಟಿನ ಮೇಲೆ ಸಾಗುವಾಗ ಆ ತೂತುಗಳು ಶಾಯಿಯ ಹನಿ ಉಗುಳಿ ಅಕ್ಷರ ಮೂಡಿಸುತ್ತಿದ್ದವು. ಕಂಪನಿಯವರು ಅದನ್ನು ಇಂಕ್‌ಜೆಟ್ ಎಂದರು. ಕೆಲಸದ ಹೆಂಗಸರು ಉಗುಳಪ್ಪ ಎಂದು ಹೆಸರಿಟ್ಟರು. ದೇವೀರಮ್ಮನನ್ನು ಉಗುಳಪ್ಪನ ಕಾವಲಿಗೆ ಹಾಕಿದರು.

ತೊಂದರೆ ಮೊದಲ ವಾರವೇ ಶುರುವಾಯಿತು. ಊಟದ ಹೊತ್ತಿಗೆ ನಿಲ್ಲಿಸಿದ ಯಂತ್ರ ಮತ್ತೆ ಚಾಲೂ ಮಾಡುವಷ್ಟರಲ್ಲಿ ಶಾಯಿ ತೂತಿನ ಬಾಯಲ್ಲೇ ಒಣಗಿ, ಅದರ ಮೇಲೆ ಕಾಫಿ ಹೊಟ್ಟಿನ ಧೂಳು ಕೂತು, ಅರ್ಧಕ್ಕರ್ಧ ತೂತು ಕಟ್ಟಿಕೊಳ್ಳುತ್ತಿತ್ತು. ಸರಿಮಾಡಲು ಮದರಾಸಿನಿಂದ ಇಂಜಿನಿಯರು ಬರಬೇಕು. ಮ್ಯಾನೇಜರು ಎರಡು ಸಲ ಕಾದು, ಮೂರನೇ ಸಲ ಯಾಕೂಬನಿಗೆ ಹೇಳಿ ಕಳಿಸಿದರು.

ಕಟ್ಟಿಕೊಂಡ ತೂತು ಯಾಕೂಬನಿಗೆ ಹೊಸದಲ್ಲ. ಮೈಲುತುತ್ತ, ಸುಣ್ಣದ ಔಷಧಿ ಹೊಡೆಯುವ ಸ್ಪ್ರೇಯರುಗಳ ಮೂತಿ ಬಿಡಿಸುತ್ತಲೇ ಅವನಿಗೆ ನಲವತ್ತೆರಡು ವರ್ಷವಾಗಿತ್ತು. ಎರಡು ದಿನ ಯಂತ್ರದ ಮುಂದೆ ಸುಮ್ಮನೆ ಕೂತು ನೋಡಿದ. ಮೂರನೇ ವಾರಕ್ಕೆ ಒಂದು ಸಣ್ಣ ತೋಳು ಮಾಡಿಕೊಂಡು ಬಂದ. ಯಂತ್ರ ನಿಂತ ಕೂಡಲೇ ತೋಳು ತಾನಾಗಿ ತಿರುಗಿ ಬರುತ್ತಿತ್ತು. ಅದರ ತುದಿಯ ಸೈಕಲ್ ಟ್ಯೂಬಿನ ರಬ್ಬರು ಮೊದಲು ಮೂತಿಯನ್ನು ಒರೆಸುತ್ತಿತ್ತು, ಆಮೇಲೆ ಒಂದು ಹಿತ್ತಾಳೆ ಮುಚ್ಚಳ ಬಂದು ಹದಿನಾರು ತೂತನ್ನೂ ಮುಚ್ಚಿ ಕೂರುತ್ತಿತ್ತು. ಮುಚ್ಚಳದೊಳಗೆ ಒದ್ದೆ ಮಾಡಿದ ಫೆಲ್ಟು, ಉಣ್ಣೆಯ ದಪ್ಪ ಬಟ್ಟೆ. ಮುಚ್ಚಳ ಯಾವುದೆಂದರೆ ಎಲೆಯಡಿಕೆಯವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಉದ್ದನೆಯ ಸುಣ್ಣದ ಡಬ್ಬಿಯದು. ಹಳೆ ಪಾತ್ರೆ ಅಂಗಡಿಯಲ್ಲಿ ಸಿಕ್ಕಿದ್ದು. ಸರಪಣಿ ಸಿಕ್ಕಿಸುವ ತೂತೊಂದು ಅದರ ನೆತ್ತಿಯಲ್ಲಿತ್ತು. ಅದರಿಂದ ಗಾಳಿಯಾಡಿ ಶಾಯಿ ಒಣಗೀತು ಎಂದು ಯಾಕೂಬ್ ಹತ್ತು ದಿನ ಬಿಟ್ಟು ಅದನ್ನು ಬೆಸುಗೆ ಹಾಕಿ ಮುಚ್ಚಿದ.

ಇಡೀ ವ್ಯವಸ್ಥೆಯ ಮೇಲೆ ತಗಡಿನ ಕವಚ ಹೊದಿಸಿ ಬೀಗ ಜಡಿದ. ಫೆಲ್ಟನ್ನು ದಿನಾ ಒದ್ದೆ ಮಾಡಬೇಕಾಗಿದ್ದರಿಂದ ಒಂದು ಕೀಲಿ ದೇವೀರಮ್ಮನಿಗೆ ಕೊಟ್ಟ. ಅವಳ ಬಗ್ಗೆ ಅವನಿಗೆ ಹೆದರಿಕೆ ಇರಲಿಲ್ಲ. ಅವಳಿಗೇನು ತಿಳಿದೀತು?

ಇದನ್ನು ಪೇಟೆಂಟ್ ಮಾಡಿಸಬೇಕು ಎಂದು ಹೇಳಿದ್ದು ಕಾತ್ಯಾಯಿನಿ. ಮೂಡಿಗೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವಾಕೆ, ಮೂವತ್ತೈದರ ಆಸುಪಾಸು, ಒಂಟಿಯಾಗಿ ಬಾಡಿಗೆ ಮನೆಯಲ್ಲಿದ್ದಳು. ಪ್ರಯೋಗಶಾಲೆಯ ಪಂಪು ರಿಪೇರಿಗೆ ಅಂಗಡಿಗೆ ಬಂದವಳು ತೋಳಿನ ವಿಷಯ ಕೇಳಿ, ಟೀ ಆರಿಹೋಗುವವರೆಗೂ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದಳು.

"ಯಾಕೂಬ್ ಅವ್ರೇ, ಇದು ಬೇರೆ ಎಲ್ಲೂ ಇಲ್ಲದಿದ್ರೆ ನಿಮ್ಮ ಹೆಸರಲ್ಲಿ ಸರ್ಕಾರದ ಹಕ್ಕು ಪತ್ರ ಬರುತ್ತೆ. ಇದರಲ್ಲಿ ನಿಮ್ಮದು ಯಾವ್ಯಾವುದು ಅಂತ ಒಂದೊಂದಾಗಿ ಬರೀಬೇಕು. ಅದಕ್ಕೆ ಕ್ಲೇಮು ಅಂತಾರೆ. ನೀವು ನಕ್ಷೆ ಹಾಕಿಕೊಡಿ, ನಾನು ಇಂಗ್ಲಿಷಿನಲ್ಲಿ ಬರೀತೀನಿ."

"ನಿಮಗೇನು ಲಾಭ ಮೇಡಂ?" ಯಾಕೂಬ್ ನೇರವಾಗಿ ಕೇಳಿದ.

"ಏನೂ ಇಲ್ಲ" ಎಂದಳು ಕಾತ್ಯಾಯಿನಿ. ಆ ಉತ್ತರವೇ ಅವನಿಗೆ ಸರಿಬರಲಿಲ್ಲ. ಲಾಭವಿಲ್ಲದೆ ಯಾರಾದರೂ ಟೀ ಆರಲು ಬಿಡುತ್ತಾರೆಯೇ? ಆದರೂ ನಕ್ಷೆ ಕೊಟ್ಟ. ಅವಳಿಗೆ ಪರೀಕ್ಷೆಯ ಕೆಲಸವಿದ್ದು, ಅರ್ಜಿ ಮದರಾಸಿನ ಪೇಟೆಂಟ್ ಆಫೀಸು ತಲುಪಿದ್ದು ಏಪ್ರಿಲ್ ಇಪ್ಪತ್ತೊಂದಕ್ಕೆ.

ಮರುವರ್ಷ ಪೂರ್ಣ ವಿವರಣೆಯೂ ಹೋಯಿತು. ನವೆಂಬರಿನಲ್ಲಿ, ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ, ಆಫೀಸಿನಿಂದ ಉದ್ದನೆಯ ಲಕೋಟೆ ಬಂತು. ಕಾತ್ಯಾಯಿನಿ ಅಂಗಡಿಯ ಬೆಂಚಿನ ಮೇಲೆ ಕೂತು ಓದಿದಳು. ಓದುತ್ತ ಓದುತ್ತ ಅವಳ ಹುಬ್ಬು ಗಂಟಿಕ್ಕಿತು.

"ನಮ್ಮ ಆರು ಕ್ಲೇಮಿನಲ್ಲಿ ನಾಲ್ಕು ಬೇರೊಂದು ಅರ್ಜಿಯಲ್ಲೂ ಇವೆಯಂತೆ. ತಿರುಗೋ ತೋಳು, ಒರೆಸೋ ರಬ್ಬರು, ಮುಚ್ಚಳ, ಒದ್ದೆ ಫೆಲ್ಟು. ಅವರ ಅರ್ಜಿ ಏಪ್ರಿಲ್ ಎರಡರದು. ನಮಗಿಂತ ಹತ್ತೊಂಬತ್ತು ದಿನ ಮೊದಲು."

"ಯಾರು ಅವರು?"

"ಯಂತ್ರ ಮಾರಿದ ಮದರಾಸಿನ ಕಂಪನಿ. ಕಂಡುಹಿಡಿದವರು ವೆಂಕಟರಾಮ ಅಂತ ಹಾಕಿದ್ದಾರೆ, ಅವರ ಸರ್ವಿಸ್ ಇಂಜಿನಿಯರು."

ಯಾಕೂಬ್ ಆ ಮನುಷ್ಯನನ್ನು ಒಮ್ಮೆ ನೋಡಿದ್ದ. ಕಳಸದ ಕಡೆಯವನು, ಮಾತು ಕಮ್ಮಿ. ಅವತ್ತೇ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋಗಿ ಮ್ಯಾನೇಜರ ಬಳಿ ಸರ್ವಿಸ್ ಕಾರ್ಡು ತೆಗೆಸಿ ನೋಡಿದ. ಆ ವರ್ಷ ವೆಂಕಟರಾಮ ಬಂದದ್ದು ಜನವರಿಯಲ್ಲಿ, ಮತ್ತೆ ಜೂನಿನಲ್ಲಿ. ತೋಳು ಕೂರಿಸಿದ್ದು ಫೆಬ್ರವರಿ ಕೊನೆಗೆ. ಅಂದಮೇಲೆ ಏಪ್ರಿಲ್ ಎರಡರೊಳಗೆ ಅವನು ಅದನ್ನು ನೋಡಿರಲು ಸಾಧ್ಯವೇ ಇಲ್ಲ. ಉಳಿದದ್ದು ನಕ್ಷೆ. ನಕ್ಷೆ ಇದ್ದದ್ದು ಒಬ್ಬಳ ಬಳಿ. ಮಾರ್ಚಿ ನಡುವಿನಿಂದ ಅದು ಅವಳ ಮೇಜಿನ ಮೇಲಿತ್ತು. ಪರೀಕ್ಷೆ, ಪರೀಕ್ಷೆ ಎಂದು ತಡಮಾಡಿದ್ದೂ ಅವಳೇ!

ಅಲ್ಲಿಂದ ಮುಂದೆ ಯಾಕೂಬನ ಕಣ್ಣಿಗೆ ಕಾತ್ಯಾಯಿನಿ ಏನು ಮಾಡಿದರೂ ಬೇರೆಯಾಗಿಯೇ ಕಾಣತೊಡಗಿತು. ಎದುರಾಳಿಯ ಅಚ್ಚಾದ ವಿವರಣೆ ತರಿಸೋಣ, ನಾಲ್ಕು ತಿಂಗಳೊಳಗೆ ಆಕ್ಷೇಪಣೆ ಹಾಕಬಹುದು ಎಂದು ಅವಳು ಹುರುಪಿನಿಂದ ಹೇಳಿದಾಗ, ಇಷ್ಟು ಹುರುಪು ಯಾಕೆ ಎಂದುಕೊಂಡ. ಎರಡು ದಿನ ಸುಮ್ಮನಿದ್ದಾಗ, ಯಾಕೆ ಸುಮ್ಮನಾದಳು ಎಂದುಕೊಂಡ. ಅವಳ ಅಣ್ಣ ಕೃಷ್ಣಯ್ಯ ಎಂಬವರು ಮದರಾಸಿನಲ್ಲೇ ಇದ್ದಾರೆಂದು ಕಾಲೇಜಿನ ಜವಾನ ಹೇಳಿದ. ಹದಿನೈದು ದಿನಕ್ಕೊಮ್ಮೆ ಕಾಗದ ಹೋಗುತ್ತದಂತೆ.

ಒಂದು ಶುಕ್ರವಾರ ಮೂಡಿಗೆರೆ ಬಸ್ ನಿಲ್ದಾಣದಲ್ಲಿ ಅವಳೇ ಎದುರಾದಳು. "ಚಿಕ್ಕಮಗಳೂರಿಗಾ? ಇವತ್ತಿನ ಟಪ್ಪಾಲು ಹೋಗಿಬಿಟ್ಟಿದೆ. ಇದನ್ನು ಅಲ್ಲಿ ಡಬ್ಬಕ್ಕೆ ಹಾಕ್ತೀರಾ?" ಎಂದು ಒಂದು ಲಕೋಟೆ ಕೊಟ್ಟಳು. ಮೇಲೆ ಕೃಷ್ಣಯ್ಯನವರ ಮದರಾಸಿನ ವಿಳಾಸ.

ಯಾಕೂಬ್ ಚಿಕ್ಕಮಗಳೂರಿಗೆ ಹೋಗಲಿಲ್ಲ. ವಾಪಸ್ ಬಸ್ಸು ಹತ್ತಿ ಗೋಣಿಬೀಡಿಗೆ ಬಂದು, ಅಡುಗೆಮನೆಯಲ್ಲಿ ನೀರು ಕಾಯಲಿಟ್ಟು, ಲಕೋಟೆಯ ಅಂಟನ್ನು ಹಬೆಗೆ ಹಿಡಿದ. ಮರಿಯಂ ಒಳಗೆ ಬಂದವಳು ಬಾಗಿಲಲ್ಲೇ ನಿಂತಳು.

"ಅದು ಯಾರ ಕಾಗದ?"

"ನಿನಗ್ಯಾಕೆ?"

"ಹೆಣ್ಣುಮಗಳ ಕಾಗದ ಒಡೆಯೋಷ್ಟು ಕೆಳಗೆ ಹೋದ್ರಾ?" ಎಂದಳು ಅವಳು. ಅವನು ಕಾಗದ ಬಿಡಿಸಿ ಓದತೊಡಗಿದ.

ಕನ್ನಡದಲ್ಲಿ ಬರೆದ ಕಾಗದ. ಅಣ್ಣನ ಕಣ್ಣಿನ ಆಪರೇಷನ್ ಬಗ್ಗೆ ಚಿಂತೆ, ಕಟ್ಟು ಬಿಚ್ಚುವವರೆಗೆ ಓದಬೇಡ ಎಂಬ ತಾಕೀತು, ರಜಕ್ಕೆ ಬರುವ ಮಾತು. ಕೊನೆಯಲ್ಲಿ ನಾಲ್ಕು ಸಾಲು: "ಇಲ್ಲೊಬ್ಬರು ಮೆಕ್ಯಾನಿಕ್ ಇದ್ದಾರೆ. ನಾನು ಪುಸ್ತಕದಿಂದ ಕಲಿಸುವುದನ್ನು ಅವರು ಬೆರಳಿನಿಂದಲೇ ತಿಳಿದಿದ್ದಾರೆ. ಯಾರೋ ಅವರ ಕೆಲಸಕ್ಕೆ ಅಡ್ಡ ಬಂದಿದ್ದಾರೆ. ಅವರ ಹೆಸರು ಒಮ್ಮೆ ಅಚ್ಚಿನಲ್ಲಿ ಬರುವುದನ್ನು ನೋಡಬೇಕೆಂದು ನನಗೆ ಹಟ ಬಂದಿದೆ."

ಯಾಕೂಬನಿಗೆ ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು. ಮತ್ತೆ ಅಂಟಿಸಿದ, ಮರುದಿನ ಅಂಚೆಗೆ ಹಾಕಿದ. ಆದರೆ ಸಂಶಯ ಎಂಬುದು ಅಷ್ಟು ಸುಲಭಕ್ಕೆ ಬಿಡುವ ಜಾಡ್ಯವಲ್ಲ. ಬಸ್ಸಿನಲ್ಲಿ ಬರುವಾಗಲೇ ಇನ್ನೊಂದು ಯೋಚನೆ ಎದ್ದಿತು. ಬೇಕೆಂದೇ ನನ್ನ ಕೈಗೆ ಕೊಟ್ಟಳೇ? ನಾನು ಒಡೆಯುತ್ತೇನೆಂದು ಗೊತ್ತಿದ್ದೇ ಹೀಗೆ ಬರೆದಳೇ?

ಅದನ್ನು ಎದೆಯಲ್ಲಿಟ್ಟುಕೊಂಡು ಮೂರು ವಾರ ತಿರುಗಿ, ಕೊನೆಗೆ ತಡೆಯಲಾರದೆ ಕಾಲೇಜಿಗೇ ಹೋದ. ಕಾತ್ಯಾಯಿನಿ ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನು ಜೋಡಿಸುತ್ತಿದ್ದಳು.

"ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ನಕ್ಷೆ ನೀವು ಯಾರಿಗಾದ್ರೂ ತೋರಿಸಿದ್ರಾ?"

"ಇಲ್ಲ."

"ಮದರಾಸಿನಲ್ಲಿ ನಿಮ್ಮವರು ಇದ್ದಾರಲ್ಲ."

"ಅಣ್ಣ ಇದ್ದಾನೆ. ಅವನು ಶಾಲೆಯಲ್ಲಿ ಸಂಸ್ಕೃತ ಕಲಿಸ್ತಿದ್ದವನು. ಅವನಿಗೂ ನಿಮ್ಮ ನಕ್ಷೆಗೂ ಏನು ಸಂಬಂಧ?"

"ಅವರಿಗೆ ಕಣ್ಣು ಕಾಣದಿದ್ರೂ ಮನೆಯಲ್ಲಿ ಬೇರೆಯವರು ಇರ್ತಾರಲ್ಲ" ಎಂದುಬಿಟ್ಟ ಯಾಕೂಬ್.

ಕಾತ್ಯಾಯಿನಿಯ ಕೈಯಲ್ಲಿದ್ದ ಗಾಜಿನ ನಳಿಗೆ ಅಲ್ಲೇ ನಿಂತಿತು. ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು.

"ಅಣ್ಣನ ಕಣ್ಣಿನ ವಿಷಯ ನಾನು ಈ ಊರಲ್ಲಿ ಯಾರಿಗೂ ಹೇಳಿಲ್ಲ."

ಯಾಕೂಬ್ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

"ಕಾಗದ ತಡವಾಗಿ ಬಂತು, ಅಂಟು ಸುಕ್ಕಾಗಿತ್ತು ಅಂತ ಅತ್ತಿಗೆ ಬರೆದಿದ್ರು. ಮಳೆ ತಾಗಿರಬಹುದು ಅಂತ ನಾನು ಅಂದುಕೊಂಡೆ" ಎಂದಳು ಅವಳು. ದನಿ ಏರಲಿಲ್ಲ. "ನೀವು ಹೋಗಿ ಯಾಕೂಬ್ ಅವ್ರೇ. ಮಕ್ಕಳು ಬರೋ ಹೊತ್ತಾಯ್ತು."

ಇದಾದ ನಾಲ್ಕನೇ ದಿನ ಅಂಗಡಿಗೆ ರಿಜಿಸ್ಟರ್ಡ್ ಅಂಚೆ ಬಂತು. ಜಗಳಕ್ಕೆ ಮೊದಲೇ ಕಾತ್ಯಾಯಿನಿ ಬರೆದು ತರಿಸಿದ್ದ, ವೆಂಕಟರಾಮನ ವಿವರಣೆಯ ಅಚ್ಚು ಪ್ರತಿ. ಇಂಗ್ಲಿಷ್ ಯಾಕೂಬನಿಗೆ ಬರುತ್ತಿರಲಿಲ್ಲ, ಆದರೆ ಚಿತ್ರ ಓದಲು ಭಾಷೆ ಬೇಕೇ? ಹಾಳೆ ತಿರುಗಿಸಿದ. ತೋಳು, ತನ್ನದೇ. ರಬ್ಬರು, ತನ್ನದೇ. ಮುಚ್ಚಳ... ಅಲ್ಲಿ ಅವನ ಬೆರಳು ನಿಂತಿತು. ಮುಚ್ಚಳದ ನೆತ್ತಿಯಲ್ಲಿ ಒಂದು ತೂತು. ಅದಕ್ಕೊಂದು ಬಾಣದ ಗುರುತು, ಒಂದು ನಂಬರು, ಅದರ ಬಗ್ಗೆಯೇ ಒಂದು ಪ್ಯಾರಾ.

ಅವನು ಕಾತ್ಯಾಯಿನಿಗೆ ಕೊಟ್ಟ ನಕ್ಷೆಯಲ್ಲಿ ತೂತು ಇರಲೇ ಇಲ್ಲ. ನಕ್ಷೆ ಬರೆಯುವ ಮೊದಲೇ ಅದಕ್ಕೆ ಬೆಸುಗೆ ಹಾಕಿಯಾಗಿತ್ತು. ಹಾಗಾದರೆ ಇದು ಕಾಗದದಿಂದ ಹೋದದ್ದಲ್ಲ. ಯಾರೋ ಯಂತ್ರದ ಹತ್ತಿರವೇ ನಿಂತು, ಮುಚ್ಚಳ ತಿರುಗಿಸಿ, ಬೆಸುಗೆಯ ಕಲೆ ನೋಡಿದ್ದಾರೆ.

ಕಾಗದ ಮಡಚಿಕೊಂಡು ಚಿಕ್ಕಮಗಳೂರಿನ ಬಸ್ಸು ಹತ್ತಿದ. ದೇವೀರಮ್ಮ ಉಗುಳಪ್ಪನ ಪಕ್ಕದಲ್ಲಿ ಮೂಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ದೇವೀರಮ್ಮ, ಹೋದ ವರ್ಷ, ಮಾರ್ಚಿ ತಿಂಗಳಲ್ಲಿ, ಆ ಕಳಸದ ಇಂಜಿನಿಯರು ಇಲ್ಲಿಗೆ ಬಂದಿದ್ರಾ?"

"ಬಂದಿದ್ರಲ್ಲ ಸಾಹೇಬ್ರೇ. ಊರಲ್ಲಿ ಮದುವೆ ಅಂತ ಹೋಗೋ ದಾರಿಯಲ್ಲಿ. ಮ್ಯಾನೇಜರು ಇರಲಿಲ್ಲ. ಕವಚ ತೆಗಿ ಅಂದ್ರು, ತೆಗೆದೆ. ಯಂತ್ರ ಅವರದ್ದೇ ಅಲ್ವಾ?"

"ನನಗೆ ಯಾಕೆ ಹೇಳಲಿಲ್ಲ?"

"ನೀವು ಯಾವತ್ತು ಕೇಳಿದ್ರಿ?"

ದೇವೀರಮ್ಮ ಎಲೆ ಮಡಚಿ ಬಾಯಿಗಿಟ್ಟುಕೊಂಡು ಮುಂದುವರಿಸಿದಳು. "ಅವರು ಸುಮಾರು ಹೊತ್ತು ನೋಡಿದ್ರು. ಪುಸ್ತಕದಲ್ಲಿ ಬರ್ಕೊಂಡ್ರು. ಹೇಗೆ ನಡೀತಿದೆ ಅಂತ ಕೇಳಿದ್ರು. ನಾನು ಇದ್ದಿದ್ದು ಹೇಳ್ದೆ. ಮುಚ್ಚಳದ ತೂತು ತೆರೆದಿದ್ದಾಗ ಬೆಳಗ್ಗೆ ಎದ್ದು ಹದಿನಾರೂ ಉಗುಳ್ತಿತ್ತು. ಸಾಹೇಬ್ರು ತೂತು ಮುಚ್ಚಿದ ಮೇಲೆ ದಿನಾ ಎರಡೋ ಮೂರೋ ಮುನಿಸ್ಕೊಳ್ತಾವೆ, ನಾನು ಬಟ್ಟೆಯಲ್ಲಿ ಒತ್ತಿ ಸರಿಮಾಡ್ತೀನಿ ಅಂದೆ. ಆಗ ಅವರ ಮುಖ ನೋಡ್ಬೇಕಿತ್ತು, ನಿಧಿ ಸಿಕ್ಕಿದ ಹಾಗೆ!"

ಹತ್ತಿರ ಹತ್ತಿರ ಎರಡು ವರ್ಷ ಅವಳು ಬಟ್ಟೆಯಲ್ಲಿ ಒತ್ತುತ್ತಿದ್ದಳು, ಯಾಕೂಬನಿಗೆ ಗೊತ್ತೇ ಇರಲಿಲ್ಲ. ಅವನು ಆಗಲೇ ಕವಚ ತೆಗೆದು, ಬೆಸುಗೆ ಕರಗಿಸಿ ತೂತು ಬಿಡಿಸಿದ. ಮರುದಿನ ಬೆಳಗ್ಗೆ ಮತ್ತೆ ಹೋಗಿ ನೋಡಿದ. ಹದಿನಾರೂ ಉಗುಳಿದವು. ಮುಚ್ಚಳ ಒತ್ತಿ ಕೂರುವಾಗ ಒಳಗಿನ ಗಾಳಿಗೆ ಬೇರೆ ದಾರಿಯಿಲ್ಲದೆ ಮೂತಿಯ ತೂತುಗಳಿಗೇ ನುಗ್ಗಿ ಶಾಯಿಯನ್ನು ಹಿಂದಕ್ಕೆ ತಳ್ಳುತ್ತಿತ್ತು; ಈಗ ನೆತ್ತಿಯಿಂದ ಹೊರಹೋಗುತ್ತಿತ್ತು.

ವೆಂಕಟರಾಮ ತಾಯಿಯ ತಿಥಿಗೆ ಊರಿಗೆ ಬಂದಿದ್ದಾನೆಂದು ಜೀಪಿನವರಿಂದ ತಿಳಿದು ಯಾಕೂಬ್ ಕಳಸಕ್ಕೆ ಹೋದ. ಜೀಪು ನಿಲ್ಲುವ ಕಡೆಯ ಹೋಟೆಲಿನಲ್ಲಿ ಇಬ್ಬರೂ ಎದುರುಬದುರು ಕೂತರು.

"ನಾನು ಬರೀ ಕಳ್ಳ ಅಲ್ಲ ಸಾಹೇಬ್ರೇ" ಎಂದ ವೆಂಕಟರಾಮ, ಲೋಟವನ್ನು ತಿರುಗಿಸುತ್ತ. "ಆ ಮುಚ್ಚಳ, ಫೆಲ್ಟಿನ ಮೇಲೆ ನಿಮ್ಮದು ನೋಡೋ ಮೊದಲೇ ನಾನೂ ಎರಡು ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೆ. ಮದರಾಸಿನ ವರ್ಕ್‌ಶಾಪಿನ ಪುಸ್ತಕದಲ್ಲಿ ತಾರೀಖು ಸಮೇತ ಇದೆ."

"ತೋಳು?"

"ನಿಮ್ಮದು."

"ರಬ್ಬರು?"

"ಅದೂ ನಿಮ್ಮದೇ."

"ತೂತು?"

ವೆಂಕಟರಾಮ ತಲೆ ತಗ್ಗಿಸಿದ. "ಆ ಹೆಂಗಸು ಹೇಳಿದ್ದು. ಕಾರಣ ಹೊಳೆದದ್ದು ನನಗೆ."

"ಇದನ್ನು ಬರೆದುಕೊಡಿ ಹಾಗಾದ್ರೆ."

"ಅರ್ಜಿ ಕಂಪನಿಯದು, ನಾನು ಸಂಬಳದವನು. ಬರೆದು ಕೊಡೋಕೆ ನನ್ನಿಂದಾಗಲ್ಲ. ಆದ್ರೆ ವಿಚಾರಣೆಯಲ್ಲಿ ನನ್ನನ್ನೇ ನಿಲ್ಲಿಸಿ ಕೇಳಿದ್ರೆ ಸುಳ್ಳು ಹೇಳಲ್ಲ."

ಇವನ ಮಾತನ್ನು ನಂಬಬೇಕೋ ಬೇಡವೋ, ಯಾಕೂಬನಿಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಅವನ ತಲೆಯಲ್ಲಿದ್ದದ್ದು ಬೇರೆಯೇ ಮುಖ.

ಮರುದಿನ ಕಾತ್ಯಾಯಿನಿಯ ಬಾಗಿಲಿಗೆ ಹೋಗಿ, ಅಚ್ಚು ಪ್ರತಿಯನ್ನು ಚಾಚಿ ಹಿಡಿದು, ನಡೆದದ್ದೆಲ್ಲ ಹೇಳಿದ. "ತಪ್ಪಾಯ್ತು ಮೇಡಂ" ಎಂದ. ಅಂಥ ಮಾತು ಅವನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ.

ಅವಳು ಚಿತ್ರದ ತೂತನ್ನು ಬಹಳ ಹೊತ್ತು ನೋಡಿದಳು. "ಆಕ್ಷೇಪಣೆ ನಾನೇ ಬರೀತೀನಿ. ಕೆಲಸ ನಿಮ್ಮದು ಅನ್ನೋದು ನಿಜ, ಅದಕ್ಕೆ. ಆದ್ರೆ ಕಾಗದ ಪತ್ರ ಮರಿಯಂ ತರಲಿ. ನೀವು ಬರೋದು ಬೇಡ."

ಹಾಗೇ ನಡೆಯಿತು. ಆ ಚಳಿಗಾಲವಿಡೀ ಮರಿಯಂ ಫೈಲನ್ನು ಸೆರಗಿನಡಿ ಇಟ್ಟುಕೊಂಡು ಗೋಣಿಬೀಡಿಗೂ ಮೂಡಿಗೆರೆಗೂ ಓಡಾಡಿದಳು. ದೇವೀರಮ್ಮ ವಕೀಲರ ಮುಂದೆ ಕಂಡದ್ದನ್ನು ಹೇಳಿ ಸಹಿ ಹಾಕಿದಳು. ಹದಿನೆಂಟು ವರ್ಷ ಮೂಟೆಯ ಮೇಲೆ ಬರೆದ ಕೈ, ಅಕ್ಷರ ಮುದ್ರಿಸಿದ ಹಾಗೆ ಬಂತು. ಮಳೆಗಾಲಕ್ಕೆ ಮುಂಚೆ ಮದರಾಸಿನಲ್ಲಿ ವಿಚಾರಣೆಯಾಯಿತು. ನೇರವಾಗಿ ಕೇಳಿದಾಗ ವೆಂಕಟರಾಮ ಕಂಪನಿಯ ವಕೀಲರ ಕಡೆ ನೋಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತೋಳು, ರಬ್ಬರು ಎರಡೂ ಕಂಪನಿಯ ಅರ್ಜಿಯಿಂದ ಹೋಗಿ ಯಾಕೂಬನಿಗೆ ಉಳಿದವು. ಮುಚ್ಚಳ, ಫೆಲ್ಟು ಕಂಪನಿಗೆ. ತೂತು ಯಾರಿಗೂ ಸಿಗಲಿಲ್ಲ. ಕಂಪನಿಗೆ ಅದು ಇನ್ನೊಬ್ಬರಿಂದ ಬಂದದ್ದು, ಯಾಕೂಬನ ಕಾಗದದಲ್ಲಿ ಅದು ಇರಲೇ ಇಲ್ಲ, ದೇವೀರಮ್ಮ ಹೊಸದಾಗಿ ಕೇಳೋಣವೆಂದರೆ ಆಗಲೇ ಅಚ್ಚಾಗಿ ಲೋಕಕ್ಕೆಲ್ಲ ತಿಳಿದುಹೋಗಿತ್ತು.

ಯಾಕೂಬ್ ಇದನ್ನು ಅವಳಿಗೆ ಹೇಳುವಾಗ ಮುಖ ಎತ್ತಲಾಗಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ತೂತಿಗೂ ಒಂದು ಹಕ್ಕು ಪತ್ರವಾ ಮಾರಾಯ್ರೇ! ಇನ್ನು ಮೇಲೆ ನಾನು ಹೇಳಿದ್ದು ಒಸಿ ಕಿವಿ ಮೇಲೆ ಹಾಕ್ಕೊಳಿ, ಸಾಕು." ಅಂದಿನಿಂದ ಯಾಕೂಬ್ ವರ್ಕ್ಸಿಗೆ ಹೋದಾಗಲೆಲ್ಲ ಮೊದಲು ಅವಳನ್ನು ಮಾತಾಡಿಸಿ, ಆಮೇಲೆ ಯಂತ್ರ ಮುಟ್ಟುತ್ತಿದ್ದ.

ಮುದ್ರೆಯೊತ್ತಿದ ಪೇಟೆಂಟು ಬಂದದ್ದು ಮರುವರ್ಷದ ಫೆಬ್ರವರಿಯಲ್ಲಿ. ಯಾಕೂಬ್ ಅದರ ಒಂದು ಪ್ರತಿ ಮಾಡಿಸಿದ. ಗಂಡಹೆಂಡತಿ ಇಬ್ಬರೂ ಮೂಡಿಗೆರೆಗೆ ಹೋದರು. ಮರಿಯಂ ಕಾತ್ಯಾಯಿನಿಯ ಮನೆಯೊಳಗೆ ಹೋದಳು. ಅವನು ರಸ್ತೆಯಾಚೆ ಸಿಲ್ವರ್ ಓಕ್ ಮರದ ಕೆಳಗೆ ನಿಂತ. ಒಳಗಿನಿಂದ ಇಬ್ಬರು ಹೆಂಗಸರ ನಗು ಕೇಳಿಸಿತು. ಮುಕ್ಕಾಲು ಗಂಟೆ ಕಳೆಯಿತು.

ಮರಿಯಂ ಹೊರಬಂದಾಗ ಅವನು ಕೇಳಿದ, "ಏನಂದ್ರು?"

"ನಿಮ್ಮ ಹೆಸರನ್ನು ಎರಡು ಸಲ ಓದಿದ್ರು. ಖುಷಿಯಾಯ್ತು ಅಂದ್ರು."

"ನಾನು ಬಂದಿದ್ದೀನಿ ಅಂತ ಹೇಳಿದ್ಯಾ?"

"ಹೇಳ್ದೆ. ಗೊತ್ತು, ಕಿಟಕಿಯಿಂದ ಕಾಣ್ತಾರೆ ಅಂದ್ರು."

ಯಾಕೂಬ್ ಕಿಟಕಿಯ ಕಡೆ ನೋಡಿದ. ಪರದೆ ಸರಿದೇ ಇತ್ತು, ಯಾರೂ ಇರಲಿಲ್ಲ. ಬಸ್ಸಿನಲ್ಲಿ ಮರಿಯಂ ಕಿಟಕಿ ಪಕ್ಕ ಕೂತು ತನ್ನಷ್ಟಕ್ಕೆ ನಗುತ್ತಿದ್ದಳು. ಅಷ್ಟು ಹೊತ್ತು ಏನು ಮಾತಾಡಿದಿರಿ ಎಂದು ಕೇಳಬೇಕೆಂಬ ಆಸೆ ಅವನ ಗಂಟಲವರೆಗೂ ಬಂತು. ಅವನು ಕೇಳಲಿಲ್ಲ. ಕಂಡಕ್ಟರ್ ಬಂದಾಗ ಗೋಣಿಬೀಡಿಗೆ ಎರಡು ಟಿಕೆಟ್ ತೆಗೆದ.